ನೋಯದ ಹಿಣಿಲು

"ಇದು ಹಿಣಿಲಲ್ಲ ಕಣ್ರೋ, ಕೆಚ್ಚಲು. ನಾಳೆಯಿಂದ ಎಲ್ಲರೂ ಚೊಂಬು ತಗೊಂಡ್ ಬನ್ನಿ, ಹಾಲು ಕರ್ಕೊಂಡು ಕಾಫಿಗೆ ಹಾಕ್ಕೊಳ್ಳಾನ."

ಸಹ್ರಾವಿ ಇಷ್ಟು ಹೇಳಿ ಮಿಸ್ದಾರನ ಅಂಗಿಯ ಕತ್ತುಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದ. ಎಡ ಹೆಗಲ ಮೇಲಿನ ಉಬ್ಬು ತೂಕದ ಮನೆಯಲ್ಲಿದ್ದವರಿಗೆಲ್ಲ ಕಾಣಿಸಿತು. ಮಿಸ್ದಾರ ಆಗಷ್ಟೇ ಅಡ್ಡೆ ಇಳಿಸಿದ್ದ. ಬಿದಿರಿನ ಎರಡು ತುದಿಯ ಬುಟ್ಟಿಗಳಲ್ಲಿ ಗಂಧಕದ ಹಳದಿ ಹೆಂಟೆಗಳು ಇನ್ನೂ ಘಾಟು ಬಿಡುತ್ತಿದ್ದವು. ಬೆಟ್ಟದ ಕುಳಿಯಿಂದ ಏರಿ ಬಂದ ಏದುಸಿರು ಇನ್ನೂ ಎದೆಯೊಳಕ್ಕೆ ಇಳಿದಿರಲಿಲ್ಲ. ಸರದಿಯಲ್ಲಿದ್ದ ಹೊರೆಯಾಳುಗಳು ನಕ್ಕರು. ತಕ್ಕಡಿಯ ಪಕ್ಕ ಕೂತಿದ್ದ ಗುಮಾಸ್ತ ನಕ್ಕ. ಮಿಸ್ದಾರನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಪೊನಿದಿಯೂ ನಕ್ಕ. ಮೂಗಿಗೆ ಮುಸುಕು ಕಟ್ಟಿಕೊಂಡು ಬೆಟ್ಟ ನೋಡಲು ಬಂದಿದ್ದ ಬಿಳಿಯ ಹೆಂಗಸೊಬ್ಬಳು, ಏನು ಎತ್ತ ತಿಳಿಯದೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಾನೂ ನಕ್ಕು ಕ್ಯಾಮರಾ ಎತ್ತಿದಳು.

ಸಹ್ರಾವಿ ಅಲ್ಲಿಗೇ ಬಿಡಲಿಲ್ಲ. ಹಲಸಿನ ಹಣ್ಣು ಹದಕ್ಕೆ ಬಂತೇ ಎಂದು ನೋಡುವವನ ಹಾಗೆ ಹೆಬ್ಬೆರಳಿನಿಂದ ಆ ಉಬ್ಬನ್ನು ಒತ್ತಿದ. ಕಾದ ತಂತಿಯೊಂದು ಹೆಗಲಿನಿಂದ ಕಿರುಬೆರಳಿನವರೆಗೆ ಹರಿದ ಹಾಗಾಯಿತು. ಮಿಸ್ದಾರ ಹಲ್ಲು ಕಚ್ಚಿದ. ಆದರೂ ಮೈ ಒಂದು ಗೇಣು ಪಕ್ಕಕ್ಕೆ ಸರಿಯಿತು. ಆ ಒಂದು ಗೇಣನ್ನು ಅಲ್ಲಿದ್ದ ಪ್ರತಿಯೊಬ್ಬನೂ ಕಂಡ.

"ನೋಯ್ತೇನ್ಲಾ?" ಸಹ್ರಾವಿ ಕೇಳಿದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಇಲ್ಲ ಪಾಕ್. ಕಚಗುಳಿ." ಹಿರಿಯರಿಗೆ ಕೊಡುವ ಪಾಕ್ ಎಂಬ ಗೌರವವನ್ನು ಮಿಸ್ದಾರ ಆಗಲೂ ಬಿಡಲಿಲ್ಲ.

ಮತ್ತೆ ನಗು. ಆದರೆ ಈ ಸಲದ ನಗೆ ಬೇರೆ ಥರದ್ದು.

ಇಜೆನ್ ಎಂಬ ಈ ಜ್ವಾಲಾಮುಖಿ ಬೆಟ್ಟದಲ್ಲಿ ಗಂಡಸಿನ ಬೆಲೆ ಅವನ ಹೆಗಲ ಮೇಲೆ ಇರುತ್ತದೆ. ಅಡ್ಡೆ ಹೊತ್ತವನ ಹೆಗಲು ಮೊದಲು ಸುಲಿಯುತ್ತದೆ, ಆಮೇಲೆ ಜಡ್ಡುಗಟ್ಟುತ್ತದೆ, ವರ್ಷಗಳು ಉರುಳಿದ ಮೇಲೆ ಎತ್ತಿಗೆ ಬಂದಂತೆ ಹಿಣಿಲು ಬರುತ್ತದೆ. ಕುಳಿಗೆ ಇಳಿದು, ಹಸಿರು ಕೆರೆಯ ದಂಡೆಯಲ್ಲಿ ಕಲ್ಲು ಒಡೆದು, ಕಣ್ಣಿಗೆ ಕಾರ ಎರಚುವ ಹೊಗೆಯಲ್ಲಿ ಮೇಲೆ ಹತ್ತುವವರಿಗೆ ಸರ್ಕಾರ ಪದಕ ಕೊಡುವುದಿಲ್ಲ. ಪದಕ ಎಂದರೆ ಇದೇ. ಮಗಳನ್ನು ಕೊಡುವವನು ಬಂದು ಹುಡುಗನ ಮನೆಯ ಹೆಂಚು ಎಣಿಸುವುದಿಲ್ಲ, ಅಂಗಿ ಬಿಚ್ಚಿಸಿ ಹೆಗಲು ಮುಟ್ಟಿ ನೋಡುತ್ತಾನೆ. ಹಿಣಿಲಿಗೆ ಅದರದೇ ಲಕ್ಷಣಗಳಿವೆ. ಅದು ಮೆತ್ತಗಿರಬೇಕು, ಒತ್ತಿದರೆ ಚರ್ಮದಡಿ ಜಾರಬೇಕು. ರಂಜಾನಿನಲ್ಲಿ ಹೊರೆ ಬಿಟ್ಟಾಗ ಸ್ವಲ್ಪ ಇಳಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹಿಣಿಲು ನೋಯುವುದಿಲ್ಲ. ನೋವೆಲ್ಲ ಮುಗಿದ ಮೇಲೆ ಬರುವುದಕ್ಕೇ ಹಿಣಿಲು ಎನ್ನುತ್ತಾರೆ. ಇದು ಮಸೀದಿಯ ಗುರುಗಳಿಗೂ ಗೊತ್ತು, ಮೂಗು ಸುರಿಸುವ ಮಕ್ಕಳಿಗೂ ಗೊತ್ತು.

ಮಿಸ್ದಾರನಿಗೆ ಅದು ತೀರಾ ಬೇಗ ಬಂತು. ಅಪ್ಪ ಸತ್ತ ಮೇಲೆ ಶಾಲೆ ಬಿಟ್ಟು ಅಡ್ಡೆ ಹಿಡಿದವನು ಅವನು, ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ. ಅವನ ವಾರಿಗೆಯವರ ಹೆಗಲುಗಳು ಇನ್ನೂ ಕೆಂಪಗೆ ಸುಲಿಯುತ್ತಿರುವಾಗ ಇವನ ಎಡ ಹೆಗಲಿನಲ್ಲಿ, ಬೆನ್ನಿನ ಕಡೆಗೆ, ಒಂದು ಉಬ್ಬು ಎದ್ದಿತ್ತು. ಆಗ ಇದೇ ಸಹ್ರಾವಿ, ಹೊರೆಯಾಳುಗಳ ಹಿರಿಯ, ಅದನ್ನು ಮುಟ್ಟಿ ನೋಡಿ, ಹುಟ್ಟುತ್ತಲೇ ಹಿಣಿಲು ಹೊತ್ತು ಬಂದ ಹೋರಿ ಎಂದು ಹೊಗಳಿದ್ದ. ರಂಜಾನ್ ಮುಗಿದು ಬಂದ ಆ ಲೆಬಾರನ್ ಹಬ್ಬದಲ್ಲಿ ತನ್ನ ಮಗಳು ಲಸ್ಮಿನಿಯನ್ನು ಅವನಿಗೇ ಕೊಡುವುದೆಂದು ಮಾತಾಯಿತು. ಬಿಳಿಯರು ಅವನನ್ನು ನಿಲ್ಲಿಸಿ ಚಿತ್ರ ತೆಗೆದು ಸಿಗರೇಟಿನ ಕಾಸು ಕೊಡುತ್ತಿದ್ದರು.

ಕೆಡಿಸಿದ್ದು ಪಕ್ಕದೂರಿನ ಒಬ್ಬ ಪೋಕರಿ. ಬಿಳಿಯರು ಹಿಣಿಲಿಗೆ ಕಾಸು ಕೊಡುತ್ತಾರೆ ಎಂಬುದು ತಿಳಿದದ್ದೇ, ಅವನು ಪೇಟೆಯಲ್ಲಿ ಹೆಂಗಸರ ಮೂಗಿಗೂ ತುಟಿಗೂ ಉಬ್ಬಲೆಂದು ಎಣ್ಣೆ ಚುಚ್ಚುವ ಅಂಗಡಿಗೆ ಹೋಗಿ ಎರಡೂ ಹೆಗಲಿಗೆ ಚುಚ್ಚಿಸಿಕೊಂಡು ಬಂದಿದ್ದ. ಒಂದು ದಿನವೂ ಕುಳಿಗೆ ಇಳಿಯದೆ, ಖಾಲಿ ಬುಟ್ಟಿ ಹೊತ್ತು ದಾರಿಯಲ್ಲಿ ನಿಂತು ಕಾಸು ಎಣಿಸುತ್ತಿದ್ದ. ಒಂದು ತಿಂಗಳಿಗೆ ಎಣ್ಣೆ ಒಳಗೇ ಕೊಳೆತು, ಉಬ್ಬು ಕೆಂಪಾಗಿ, ಅವನು ನೋವಿಗೆ ನಾಯಿಯ ಹಾಗೆ ಊಳಿಟ್ಟ. ಹೊರೆಯಾಳುಗಳು ಹಿಡಿದು ಹೊಡೆದು ಬೆಟ್ಟದಿಂದ ಓಡಿಸಿದರು. ಅಂದಿನಿಂದ ಯಾರ ಹೆಗಲು ಕಂಡರೂ ಅನುಮಾನ. ಚಿಕ್ಕ ವಯಸ್ಸಿನವನ ದೊಡ್ಡ ಹಿಣಿಲು ಕಂಡರಂತೂ ಕೇಳುವುದೇ ಬೇಡ. ಎಣ್ಣೆಯವನು ಎಂದು ಹೆಸರು ಬಿದ್ದರೆ ಮುಗಿಯಿತು, ಸರದಿಯಲ್ಲಿ ಜಾಗ ಇಲ್ಲ, ಲಸ್ಮಿನಿಯೂ ಇಲ್ಲ.

ಮಿಸ್ದಾರನಿಗೆ ತನ್ನ ಹೆಗಲ ಮೇಲಿರುವುದು ಎಣ್ಣೆಯಲ್ಲ ಎಂದು ಗೊತ್ತಿತ್ತು. ಅದು ಹಿಣಿಲೂ ಅಲ್ಲ ಎಂಬ ಅನುಮಾನ ಒಳಗೇ ಕೊರೆಯತೊಡಗಿ ಬಹಳ ದಿನವಾಗಿತ್ತು. ಆ ರಂಜಾನಿನಲ್ಲಿ ಎಲ್ಲರ ಹಿಣಿಲು ಇಳಿದರೂ ಅವನದು ಇಳಿಯಲಿಲ್ಲ, ಬೆಳೆಯಿತು. ಅದು ಅಡ್ಡೆ ಕೂರುವ ಜಾಗದಲ್ಲೂ ಇರಲಿಲ್ಲ, ಅದಕ್ಕಿಂತ ಕೆಳಗೆ, ರೆಕ್ಕೆಮೂಳೆಗೆ ಅಂಟಿದಂತೆ, ಒತ್ತಿದರೆ ಜಾರದೆ ಕೂತಿತ್ತು. ಮೇಲೆ ಮಾತ್ರ ಅಡ್ಡೆಯ ಜಡ್ಡು ಬೆಳೆದು ಎಲ್ಲವನ್ನೂ ಮುಚ್ಚಿ ಹಿಣಿಲಿನ ಹಾಗೆ ಕಾಣಿಸುತ್ತಿತ್ತು. ಮಲಗಿದಾಗ ಅದರೊಳಗಿಂದ ಕೆಂಜಿಗಗಳು ಹೊರಟು ತೋಳಿನುದ್ದಕ್ಕೂ ಇಳಿದು ಕಿರುಬೆರಳನ್ನು ಕಡಿಯುತ್ತಿದ್ದವು. ಏನೋ ಅದು ಎಂದು ತಾಯಿ ಕೇಳಿದರೆ, ಸೊಳ್ಳೆ ಮಾಕ್ ಎಂದು ಮಗ್ಗುಲು ಬದಲಿಸುತ್ತಿದ್ದ.

ತೂಕದ ಮನೆಯಲ್ಲಿ ಮಾನ ಹೋದ ಮರುದಿನ ಅವನು ಒಂದು ತೀರ್ಮಾನಕ್ಕೆ ಬಂದ. ಸುಳ್ಳು ಹೇಳಿ ಗೆಲ್ಲುವುದು ಬೇಡ, ಇದ್ದದ್ದನ್ನು ಇದ್ದ ಹಾಗೆ ಸಹ್ರಾವಿಯ ಮುಂದೆ ಹೇಳಿಬಿಡೋಣ, ಹಿರಿಯ ಅಲ್ಲವೇ, ಮಾವ ಆಗುವವನಲ್ಲವೇ ಎಂದುಕೊಂಡ. ಸಂಜೆಯ ನಮಾಜು ಮುಗಿದ ಹೊತ್ತಿಗೆ ಅವನ ಮನೆಗೆ ಹೋದ. ಜಗಲಿಯಲ್ಲಿ ಸಹ್ರಾವಿ, ಪೊನಿದಿ, ಇನ್ನಿಬ್ಬರು ಹಳಬರು ಲವಂಗದ ಸಿಗರೇಟು ಸೇದುತ್ತ ಕೂತಿದ್ದರು. ಪೊನಿದಿಗೆ ಆ ಮನೆಯಲ್ಲಿ ಏನು ಕೆಲಸವೆಂದು ಮಿಸ್ದಾರ ಅಂದು ಕೇಳಿಕೊಳ್ಳಲಿಲ್ಲ. ಬಾಗಿಲ ಪರದೆಯ ಹಿಂದೆ ಲಸ್ಮಿನಿ ಲೋಟಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು.

"ಪಾಕ್, ಎಣ್ಣೆ ಗಿಣ್ಣೆ ಅಲ್ಲ. ನಮ್ಮಪ್ಪನ ಗೋರಿ ಮೇಲಾಣೆ. ಆದ್ರೆ ನೋಯ್ತದೆ. ಶುರುವಿನಿಂದಲೂ ನೋಯ್ತದೆ. ಕೈಯೆಲ್ಲ ಜೋಮು ಹಿಡೀತದೆ. ಏನಂತ ನಂಗೆ ಗೊತ್ತಾಗ್ತಿಲ್ಲ."

ಒಬ್ಬ ಹಳಬ ಫಕ್ಕನೆ ನಕ್ಕ. ಸಹ್ರಾವಿ ನಗಲಿಲ್ಲ. ಸಿಗರೇಟನ್ನು ತಿರುವಿ ಬೂದಿ ಉದುರಿಸಿದ.

"ನನ್ನ ಮುಂದೆ ಹೇಳ್ದೆ, ಆಯ್ತು. ಇನ್ನೊಬ್ರ ಮುಂದೆ ಈ ಮಾತು ಎತ್ತಬ್ಯಾಡ. ಹಿಣಿಲು ನೋಯಲ್ಲ ಕಣ್ಲಾ. ನೋಯ್ತದೆ ಅಂದ್ರೆ ಎಣ್ಣೆ ಕೊಳೀತಾ ಇದೆ ಅಂತ ಅರ್ಥ. ನನ್ನ ಮಗಳನ್ನ ಎಣ್ಣೆ ಡಬ್ಬಕ್ಕೆ ಕಟ್ಟಲ್ಲ ನಾನು. ನಾಳೆ ದವಾಖಾನೆಗೆ ಹೋಗಾನ. ಡಾಕ್ಟ್ರೇ ಹೇಳ್ಲಿ. ಅಲ್ಲೂ ಹಿಂಗೇ ಅಂತೀಯೋ, ಗಂಡಸಿನ ಥರ ಮಾತಾಡ್ತೀಯೋ, ನೀನೇ ನೋಡ್ಕೋ."

ಪರದೆಯ ಹಿಂದೆ ಲೋಟಗಳ ಸದ್ದು ನಿಂತಿತ್ತು. ಲಸ್ಮಿನಿ ಕಾಫಿ ತಂದಿಟ್ಟು, ಒಂದು ಸಲ, ಒಂದೇ ಸಲ ಅವನ ಕಣ್ಣು ನೋಡಿ ಒಳಗೆ ಹೋದಳು. ಬೇಡ, ಹೇಳಬೇಡ ಎಂದಳೋ, ಹೇಳು ಎಂದಳೋ ಅವನಿಗೆ ತಿಳಿಯಲಿಲ್ಲ. ತನಗೆ ಬೇಕಾದ ಹಾಗೆ ಓದಿಕೊಂಡ.

ಬೆಟ್ಟದ ಕೆಳಗಿನ ಊರಿನ ಸರ್ಕಾರಿ ದವಾಖಾನೆಯಲ್ಲಿ ಬೆಂಚಿನ ತುಂಬ ಜನ. ಅರ್ಧ ಜನ ಹೊರೆಯಾಳುಗಳು, ಕೆಮ್ಮುವವರು, ಮೊಣಕಾಲು ಹಿಡಿದುಕೊಂಡವರು. ಒಳಗೆ ಡಾಕ್ಟರಮ್ಮ, ಓದು ಮುಗಿಸಿ ಆಗಷ್ಟೇ ಬಂದ ಹುಡುಗಿ, ಹಸಿವಾದವಳ ಹಾಗೆ ಅವಸರದಲ್ಲಿದ್ದಳು. ಬಾಗಿಲಿಗೆ ಕದ ಇರಲಿಲ್ಲ, ಬಟ್ಟೆಯೊಂದೇ. ಸಹ್ರಾವಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಅವಳು ಹೆಗಲು ಮುಟ್ಟಿ ನೋಡಿ, ಎಷ್ಟು ದಿನದಿಂದ, ಜ್ವರ ಬರುತ್ತದೆಯೇ, ಎಣ್ಣೆ ಏನಾದರೂ ಚುಚ್ಚಿಸಿದ್ದುಂಟೇ ಎಂದೆಲ್ಲ ಕೇಳಿದಳು. ಹೊರಗೆ ಕೆಮ್ಮುವುದನ್ನು ಬಿಟ್ಟು ಜನ ಕಿವಿ ಕೊಟ್ಟಿದ್ದರು. ಚುಚ್ಚಿಸಿಲ್ಲ ಎಂದು ಮಿಸ್ದಾರ ಅವರಿಗೂ ಕೇಳುವ ಹಾಗೆ ಹೇಳಿದ.

"ನೋವು ಇದೆಯೇನಪ್ಪಾ?"

ಬೆಳಗಿನಿಂದ ಅವನು ಕಾದು ಕೂತದ್ದು ಈ ಪ್ರಶ್ನೆಗೇ. ನಾಲಿಗೆಯ ತುದಿಗೆ ಮಾತು ಬಂದಿತ್ತು. ಸಹ್ರಾವಿಯ ಕಡೆ ನೋಡಿದ. ಸಹ್ರಾವಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ.

"ಇಲ್ಲ ಡಾಕ್ಟರಮ್ಮ. ನೋವಿಲ್ಲ."

ಅವಳು ಇನ್ನೊಮ್ಮೆ ಒತ್ತಿದಳು. ಈ ಸಲ ಮೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆ ಒಂದು ಕ್ಷಣಕ್ಕಾಗಿ ಅವನು ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದ, ತಾನೇ ಒತ್ತಿಕೊಂಡು, ತಾನೇ ಹಲ್ಲು ಕಚ್ಚಿ. ನೋವಿಲ್ಲದ ಉಬ್ಬು, ಹೊರೆ ಹೊರುವ ಹೆಗಲು, ಬೆಟ್ಟದ ಮನುಷ್ಯ. ಇಂಥವನ್ನು ದಿನಾ ನೋಡುತ್ತೇನೆ, ನಿಮ್ಮವರಿಗೆಲ್ಲ ಇರುವ ಕೊಬ್ಬಿನ ಗಂಟೇ ಇದು, ಹೆದರಬೇಡ ಎಂದು ಹೇಳಿ ಡಾಕ್ಟರಮ್ಮ ಮುಂದಿನವನನ್ನು ಕರೆದಳು. ಅವಳ ತಪ್ಪೇನು, ಬಾಯಿ ಬಿಟ್ಟು ಇಲ್ಲ ಎಂದವನ ಹೆಗಲನ್ನು ಬಗೆದು ನೋಡುವವರು ಯಾರು?

ಸಹ್ರಾವಿ ಹೊರಗೆ ಬಂದು ಬೆಂಚಿನ ಮೇಲಿದ್ದವರ ಮುಂದೆ ಮಿಸ್ದಾರನ ಬೆನ್ನು ಚಪ್ಪರಿಸಿದ. ಚಪ್ಪರಿಸಿದ್ದು ಎಡಗಡೆಗೇ. ನೋಡಿದ್ರೇನ್ರೋ, ಡಾಕ್ಟ್ರೇ ಅಂದವ್ರೆ, ನನ್ನ ಅಳಿಯ ಅಸಲಿ ಹೋರಿ ಎಂದು ಸಾರಿದ. ಮೊನ್ನೆ ಕೆಚ್ಚಲು ಎಂದ ಬಾಯಿಯೇ ಅದು. ಮಿಸ್ದಾರನ ಕಣ್ಣಿಗೆ ಕತ್ತಲೆ ಕವಿಯಿತು. ಆದರೂ ನಕ್ಕ. ಆ ನಗೆ ನೆನಪಾದರೆ ಅವನಿಗೆ ಇಂದಿಗೂ ತನ್ನ ಮುಖಕ್ಕೆ ತಾನೇ ಉಗಿಯಬೇಕು ಎನ್ನಿಸುತ್ತದೆ.

ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಆದರೆ ಡಾಕ್ಟರಮ್ಮನ ಮಾತಿಗೆ ಕಾಗದದ ಬೆಲೆಯೂ ಇಲ್ಲ ಎಂದು ಹಳಬರು ಪಟ್ಟು ಹಿಡಿದರು. ಹೆಗಲಿನ ಮಾತು ಹೆಗಲಿನಲ್ಲೇ ತೀರಬೇಕು. ಕುಳಿಯಿಂದ ಮೇಲಕ್ಕೆ, ಮೇಲಿನಿಂದ ತೂಕದ ಮನೆಯವರೆಗೆ, ಎಡ ಹೆಗಲ ಮೇಲೇ ಅಡ್ಡೆ ತರಬೇಕು, ಹೆಗಲು ಬದಲಿಸಬಾರದು. ಹೊರೆಯಾಳಿಗೆ ಹೆಗಲು ಬದಲಿಸುವುದೇ ವಿಶ್ರಾಂತಿ, ಅದೊಂದೇ ವಿಶ್ರಾಂತಿ. ಅದನ್ನು ಕಿತ್ತುಕೊಂಡರೆ ಎಂಥ ಗಟ್ಟಿಗನ ಕಾಲೂ ನಡುಗುತ್ತದೆ. ಬೇಡ ಎನ್ನುವ ಅಧಿಕಾರ ಸಹ್ರಾವಿಗಿತ್ತು. ಅವನು ಮೀಸೆ ತಿರುವಿ, ನನ್ನ ಅಳಿಯ ಹೊರ್ತಾನೆ, ನೋಡ್ಕೊಳ್ಳಿ ಎಂದ.

ಮಿಸ್ದಾರ ಹೊತ್ತ. ಮೊದಲ ತಿರುವಿಗೇ ಕಿರುಬೆರಳು ಸತ್ತಿತು. ಎರಡನೆಯದಕ್ಕೆ ಅಂಗೈ. ಬಿದಿರು ಜೀಕಿದಾಗಲೆಲ್ಲ ಉಬ್ಬಿನ ಮೇಲೆ ಕೊಡಲಿಯ ಹಿಂಬದಿಯಿಂದ ಹೊಡೆದ ಹಾಗೆ. ದಾರಿಯ ಎರಡೂ ಬದಿಗೆ ಹೊರೆಯಾಳುಗಳು ಕೂತು ಕೂಗು ಹಾಕುತ್ತಿದ್ದರು, ಕೆಲವರು ಹುರಿದುಂಬಿಸಿ, ಕೆಲವರು ಹಂಗಿಸಿ. ನೋವಿಗೆ ಎರಡೂ ಒಂದೇ. ಬೆಟ್ಟದ ಅಂಚಿಗೆ ಬಂದಾಗ ಹೆಗಲಿನೊಳಗೆ ಏನೋ ಹರಿಯಿತು, ಹಳೆಯ ಗೋಣಿ ಹರಿದ ಹಾಗೆ, ಕಿವಿಗೇ ಕೇಳಿಸುವ ಹಾಗೆ. ಅವನು ನಿಲ್ಲಲಿಲ್ಲ. ಬುಟ್ಟಿಗಳನ್ನು ತಕ್ಕಡಿಗೆ ಹಾಕಿ ನೆಟ್ಟಗೆ ನಿಂತ. ಜನ ಕೇಕೆ ಹಾಕಿದರು. ಸಹ್ರಾವಿ ಅಪ್ಪಿಕೊಂಡ. ಗುಮಾಸ್ತ ಕೊಟ್ಟ ಕಾಫಿಯ ಲೋಟ ಮಿಸ್ದಾರನ ಎಡಗೈಯಿಂದ ಜಾರಿ ಬಿದ್ದು ಒಡೆಯಿತು. ಸಂತೋಷಕ್ಕೆ ಕೈ ನಡುಗುತ್ತಿದೆ ಎಂದರು.

ಆಮೇಲಿನದು ಇಳಿಜಾರು. ಉಬ್ಬು ನೀಲಿಯಾಗಿ, ದಪ್ಪಗಾಗಿ, ಒಂದು ದಿನ ಒಡೆಯಿತು. ಅದರಿಂದ ಬಂದದ್ದು ಎಣ್ಣೆಯೂ ಅಲ್ಲ ಕೀವೂ ಅಲ್ಲ. ತಾಯಿ ಅರಿಶಿನ ಮೆತ್ತಿದಳು, ವೀಳ್ಯದೆಲೆ ಕಟ್ಟಿದಳು. ಗಂಧಕದ ನಾತಕ್ಕೆ ಮೂಗು ಸತ್ತ ಜನವೂ ಅವನ ಪಕ್ಕ ಕೂರುವಾಗ ಮುಖ ತಿರುಗಿಸತೊಡಗಿದರು. ಒಡೆದದ್ದು ಗೊತ್ತಾಗುತ್ತಲೇ ಹಳಬರು, ಹೇಳಿರಲಿಲ್ಲವೇ, ಕೊಳೆತದ್ದು ಎಣ್ಣೆಯೇ ಎಂದರು. ಸಹ್ರಾವಿ ತನ್ನ ಹೆಂಡತಿಯ ಕೈಯಲ್ಲಿ ನಿಶ್ಚಯಕ್ಕೆ ಬಂದಿದ್ದ ಬಟ್ಟೆ, ಬಳೆಯನ್ನು ಹಿಂದಕ್ಕೆ ಕಳಿಸಿದ. ಬಳೆಯ ಜೊತೆ ಒಂದು ಬಾಳೆಲೆ ಪೊಟ್ಟಣದಲ್ಲಿ ಅಂಟಕ್ಕಿಯ ಸಿಹಿಯೂ ಇತ್ತು. ಯಾರದೋ ಮನೆಯ ಮದುವೆ ಮಾತುಕತೆಯಲ್ಲಿ ಹಂಚಿದ್ದು ಎಂದು ಆ ಹೆಂಗಸು ಬಾಯಿ ತಪ್ಪಿ ಅಂದಳು. ಪೊನಿದಿಯ ಮನೆಯದು ಎಂದು ಮಿಸ್ದಾರನ ತಾಯಿ ಆಮೇಲೆ ಬೇರೆಯವರಿಂದ ತಿಳಿದಳು.

ಸುರಬಾಯ ನಗರದ ದೊಡ್ಡ ಆಸ್ಪತ್ರೆಗೆ ತಾಯಿ ಮಗ ಬಸ್ಸಿನಲ್ಲಿ ಹೋದರು. ಅಲ್ಲಿ ಒಂದು ಚೂರು ಕತ್ತರಿಸಿ ತೆಗೆದರು, ಗುಹೆಯಂಥ ಯಂತ್ರದೊಳಗೆ ತಳ್ಳಿದರು. ಆಮೇಲೆ ಮಂಚದ ಸುತ್ತ ಬಿಳಿ ಕೋಟಿನ ಹುಡುಗ ಹುಡುಗಿಯರು ಗುಂಪುಗೂಡಿದರು. ಒಬ್ಬರಾದ ಮೇಲೆ ಒಬ್ಬರು ಮುಟ್ಟಿದರು, ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಇಂಥದ್ದು ಸಿಗುವುದೇ ಅಪರೂಪ, ಅದರಲ್ಲೂ ಈ ಜಾಗದಲ್ಲಿ ಎಂದು ಒಬ್ಬಳು ಪಕ್ಕದವಳಿಗೆ ಹೇಳಿದಳು. ಹೊಸ ಚಪ್ಪಲಿ ಕೊಂಡವಳ ಖುಷಿ ಆ ದನಿಯಲ್ಲಿ. ಬೆಟ್ಟದ ಬಿಳಿಯರಾದರೂ ಸಿಗರೇಟಿಗೆ ಕಾಸು ಕೊಡುತ್ತಿದ್ದರು.

ಹಿರಿಯ ಡಾಕ್ಟರು ಎಲ್ಲರನ್ನೂ ಆಚೆ ಕಳಿಸಿ ಕುರ್ಚಿ ಹಾಕಿಕೊಂಡು ಕೂತರು. ಅದು ಮಾಂಸದೊಳಗೆ ಹುಟ್ಟುವ ಒಂದು ಜಾತಿಯ ಕ್ಯಾನ್ಸರ್, ತೀರಾ ವಿರಳ, ಸಾಮಾನ್ಯವಾಗಿ ತೊಡೆಯಲ್ಲೋ ಮೊಣಕಾಲಿನ ಹತ್ತಿರವೋ ಬರುವಂಥದ್ದು, ಹೆಗಲಿನ ಹಿಂದೆ ಬಂದದ್ದನ್ನು ತಾನು ಕಂಡದ್ದು ಕಡಿಮೆ ಎಂದರು. ಅಡ್ಡೆಯ ಜಡ್ಡು ಅದಕ್ಕೆ ಕಂಬಳಿ ಹೊದಿಸಿತ್ತು. ಮೊದಲೇ ಬಂದಿದ್ದರೆ ಆ ಗಂಟನ್ನಷ್ಟೇ ತೆಗೆಯಬಹುದಿತ್ತು. ಈಗ ಅದು ಹರಿದು ನರಗಳಿಗೂ ರಕ್ತನಾಳಕ್ಕೂ ಸುತ್ತಿಕೊಂಡಿದೆ. ತೋಳು ಹೋಗಬೇಕು. ತೋಳಷ್ಟೇ ಅಲ್ಲ, ರೆಕ್ಕೆಮೂಳೆ, ಹೆಗಲಿನ ಮುಂದಿನ ಕೊರಳೆಲುಬು, ಹೆಗಲು ಎಂಬ ಹೆಗಲೇ ಹೋಗಬೇಕು. ಎದೆಯೊಳಗೆ ಇಳಿದಿದೆಯೋ ಇಲ್ಲವೋ ಎಂಬುದನ್ನು ಮುಂದೆ ನೋಡಬೇಕು.

"ನೋವಿಲ್ಲ ಅಂತ ಬರೆದಿದ್ದಾರಲ್ಲ ಆ ದವಾಖಾನೆ ಚೀಟಿಯಲ್ಲಿ. ಇಷ್ಟು ನರ ಹಿಡಿದುಕೊಂಡಿದ್ದು ನೋಯದೆ ಇರೋಕೆ ಸಾಧ್ಯಾನೇ ಇಲ್ಲ. ಯಾವಾಗಿಂದ ನೋವು ನಿನಗೆ?"

"ಶುರುವಿನಿಂದ."

ಡಾಕ್ಟರು ಕನ್ನಡಕ ತೆಗೆದು ಅವನ ಮುಖವನ್ನೇ ನೋಡಿದರು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದು, ಕೇಳದೆ ಎದ್ದು ಹೋದರು. ತಾಯಿ ತಲೆವಸ್ತ್ರದ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ತೋಳು ಕಡಿಯಲಿ ಮಾಕ್ ಎಂದ ಮಿಸ್ದಾರ. ತೆಗೆದ ತೋಳನ್ನು ಏನು ಮಾಡುತ್ತಾರೆ ಎಂದು ಅವಳು ಕೇಳಿದ್ದಕ್ಕೆ, ನಮ್ಮ ಪದ್ಧತಿಯಂತೆ ಮನೆಗೆ ಒಯ್ದು ಹೂಳಬಹುದು ಎಂದರು ನರ್ಸು. ಅವಳು ಬಿಳಿ ಬಟ್ಟೆಯಲ್ಲಿ ಸುತ್ತಿದ ಆ ಉದ್ದನೆಯ ಗಂಟನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಒಬ್ಬಳೇ ಬಸ್ಸಿನಲ್ಲಿ ಊರಿಗೆ ಹೋಗಿ, ಗಂಡನ ಗೋರಿಯ ಪಕ್ಕ ಹೂತು, ಮರಳಿ ಬಂದು ಮಗನ ಮಂಚದ ಕೆಳಗೆ ಮಲಗಿದಳು.

ಗಾಯ ಮಾಯ್ದು ಊರಿಗೆ ಬಂದ ಮೇಲೆ ಮಿಸ್ದಾರ ಒಂದು ಬೆಳಿಗ್ಗೆ ತೂಕದ ಮನೆಗೆ ಹತ್ತಿದ. ಅಲ್ಲಿ ಅವನ ಬುಟ್ಟಿಗಳೂ, ಕಲ್ಲು ಒಡೆಯುವ ಕಬ್ಬಿಣದ ಸಲಾಕಿಯೂ ಉಳಿದಿದ್ದವು. ಕಬ್ಬಿಣಕ್ಕೆ ಕೆಳಗೆ ಗಿರಾಕಿ ಇದ್ದ. ನಡೆಯುವಾಗ ಅವನ ಮೈ ಬಲಕ್ಕೆ ವಾಲುತ್ತಿತ್ತು, ಒಂದು ಬುಟ್ಟಿ ಕಳಚಿದ ಅಡ್ಡೆಯ ಹಾಗೆ. ಇಲ್ಲದ ಕೈಯ ಕಿರುಬೆರಳು ಈಗಲೂ ಉರಿಯುತ್ತಿತ್ತು.

ಸರದಿಯಲ್ಲಿದ್ದವರು ಒಬ್ಬೊಬ್ಬರೇ ಸರಿದು ದಾರಿ ಬಿಟ್ಟರು. ಅಂಗಿಯ ಖಾಲಿ ತೋಳನ್ನು ಪಿನ್ನು ಹಾಕಿ ಮಡಚಿದ್ದರೂ, ಕತ್ತಿನಿಂದ ಪಕ್ಕೆಗೆ ನೇರ ಇಳಿದ ಆ ಇಳಿಜಾರನ್ನು ಯಾವ ಅಂಗಿ ಮುಚ್ಚೀತು? ಯಾರೋ ಸಿಗರೇಟು ಚಾಚಿದ. ಗುಮಾಸ್ತ ಕುರ್ಚಿ ಬಿಟ್ಟು ಎದ್ದ. ಪೊನಿದಿ, ಕೈಯ ಮೇಲೆ ಮದುವೆಯ ಮದರಂಗಿಯ ಕೆಂಪು ಇನ್ನೂ ಮಾಸದವನು, ತಕ್ಕಡಿಯ ಹಗ್ಗ ಸರಿಮಾಡುವವನ ಹಾಗೆ ಬೆನ್ನು ತಿರುಗಿಸಿದ.

ಸಹ್ರಾವಿ ಮುಂದೆ ಬಂದ. ಹೆಗಲು ಇದ್ದ ಜಾಗವನ್ನು ನೋಡಿದ, ಮುಟ್ಟಲು ಕೈ ಎತ್ತಿ ಕೆಳಗಿಳಿಸಿದ. ಅವನ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಸುತ್ತಲಿನವರೆಲ್ಲ ಕೇಳುವ ಹಾಗೆ, ಹಿರಿಯನೊಬ್ಬ ಹಾದಿ ತಪ್ಪಿದ ಮಗನನ್ನು ಬೈಯುವ ದನಿಯಲ್ಲಿ ಹೇಳಿದ:

"ಲೇ ಮಿಸ್ದಾರ್, ನೋಯ್ತದೆ ಅಂತ ಒಂದೇ ಒಂದು ಮಾತು ಯಾಕ್ಲಾ ಹೇಳ್ಲಿಲ್ಲ ನೀನು? ಹೇಳಿದ್ರೆ ನಾವೇನು ಬ್ಯಾಡ ಅಂತಿದ್ವಾ?"

ಹೌದು, ಹೇಳಬೇಕಿತ್ತು ಎಂದು ಹಳಬರು ತಲೆಯಾಡಿಸಿದರು. ಅಂದು ಜಗಲಿಯಲ್ಲಿ ಫಕ್ಕನೆ ನಕ್ಕವನು ಎಲ್ಲರಿಗಿಂತ ಜೋರಾಗಿ ಆಡಿಸಿದ. ಪೊನಿದಿ ಹಗ್ಗದಿಂದ ಕೈ ತೆಗೆಯಲಿಲ್ಲ. ಎಲ್ಲರೂ ಮಿಸ್ದಾರನ ಬಾಯಿ ನೋಡುತ್ತ ನಿಂತರು. ಅವನು ಒಂದು ಮಾತಾಡಿದರೆ, ಒಂದು ಬೈಗುಳ ಬೈದರೂ ಸಾಕು, ಅದನ್ನು ಹಿಡಿದುಕೊಂಡು ಸಮಾಧಾನ ಹೇಳಿ, ಕಾಫಿ ಕುಡಿಸಿ, ಅಡ್ಡೆ ಎತ್ತಿಕೊಂಡು ಹಗುರಾಗಿ ಕುಳಿಗೆ ಇಳಿಯಬಹುದು ಎಂದು ಅವರೆಲ್ಲ ಕಾದಿದ್ದರು.

ಮಿಸ್ದಾರ ಬಗ್ಗಿ ಸಲಾಕಿಯನ್ನು ಎತ್ತಿಕೊಂಡ. ಸಹ್ರಾವಿ ಒಂದು ಹೆಜ್ಜೆ ಹಿಂದೆ ಸರಿದ. ಮಿಸ್ದಾರ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬುಟ್ಟಿಗಳನ್ನು ಅಲ್ಲೇ ಬಿಟ್ಟು, ಜನ ನಡುವೆ ಬಿಟ್ಟ ದಾರಿಯಲ್ಲಿ ಹೊರಗೆ ನಡೆದ. ಹಿಂದಿನಿಂದ ಸಹ್ರಾವಿ ಅವನ ಹೆಸರು ಹಿಡಿದು ಕರೆದು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದ, ಈ ಸಲ ಗಟ್ಟಿಯಾಗಿ. ಮಿಸ್ದಾರ ಇಳಿಜಾರು ಹಿಡಿದು ಇಳಿಯುತ್ತಲೇ ಹೋದ.